ಕನ್ನಡಿಯೊಳಗಿನ ಗಂಟು

ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದಾದರೂ ಕಂಪ್ಯೂಟರ್ ಅಂಗಡಿಗೆ ಹೋಗಿ, ಮನೆಯ ಫೋಟೊ ವಿಡಿಯೊಗಳನ್ನು ಜೋಪಾನವಾಗಿಡಲು ಒಂದು ನ್ಯಾಸ್ ಬೇಕು, ಟೀವಿಯಲ್ಲಿ ಸಿನಿಮಾ ನೋಡಲಿಕ್ಕೂ ಅದೇ ಆಗಬೇಕು ಎಂದು ಕೇಳಿ ನೋಡಿ. ಉತ್ತರ ಬಾಯಿಪಾಠದಂತೆ ಬರುತ್ತದೆ: "ಟೂ ಬೇ ತಗೊಳ್ಳಿ ಸಾರ್. ಎರಡು ಡಿಸ್ಕ್ ಹಾಕಿ ಮಿರರ್ ಮಾಡ್ಬಿಡಿ. ಒಂದು ಹೋದ್ರೂ ಇನ್ನೊಂದಿರತ್ತೆ, ತಲೆನೋವೇ ಇಲ್ಲ." ಅಂಗಡಿಯವರನ್ನಷ್ಟೇ ದೂರಿ ಫಲವಿಲ್ಲ. ಇಪ್ಪತ್ತು ವರ್ಷ ಸರ್ವರುಗಳ ಜೊತೆ ಏಗಿದ ಗೆಳೆಯರು ಹೇಳುವುದೂ ಇದನ್ನೇ, ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಕಂಪ್ಯೂಟರ್ ಬಲ್ಲ ಅಳಿಯ ಹೇಳುವುದೂ ಇದನ್ನೇ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಹೇಳುವುದು ತಪ್ಪು. ಎಷ್ಟು ತಪ್ಪೆಂದರೆ, ಈ ಮಾತು ನಂಬಿ ದುಡ್ಡು ಹಾಕಿದವನಿಗಿಂತ ಏನೂ ಕೊಳ್ಳದೆ ಭಯದಲ್ಲಿರುವವನೇ ಮೇಲು. ಭಯ ಇರುವವನು ಎಂದಾದರೂ ಒಂದು ಪ್ರತಿ ಮಾಡಿಟ್ಟುಕೊಂಡಾನು. ನಂಬಿದವನು ಮಾಡುವುದಿಲ್ಲ.

ವಿಷಯ ಹೊಸತಾದವರಿಗೆ ಎರಡು ಮಾತು. ನ್ಯಾಸ್ ಎಂದರೆ ರೌಟರಿಗೆ ತಂತಿ ಕೊಟ್ಟು ಮೂಲೆಯಲ್ಲಿಡುವ ಪುಟ್ಟ ಪೆಟ್ಟಿಗೆ. ಒಳಗೆ ಹಾರ್ಡ್‌ಡಿಸ್ಕುಗಳಿರುತ್ತವೆ, ಮನೆಯ ಫೋನು, ಲ್ಯಾಪ್‌ಟಾಪು, ಟೀವಿಗಳೆಲ್ಲ ಅದರಿಂದ ಓದಬಹುದು, ಅದಕ್ಕೆ ಬರೆಯಬಹುದು. ಮಿರರ್ ಅಥವಾ ರೇಡ್-1 ಎಂದರೆ ಒಂದು ಡಿಸ್ಕಿನಲ್ಲಿ ಏನು ನಡೆದರೂ ಅದೇ ಕ್ಷಣ ಎರಡನೆಯದರಲ್ಲೂ ನಡೆಯುವ ಏರ್ಪಾಡು. ಕನ್ನಡಿ ಎಂಬ ಹೆಸರು ಸರಿಯಾಗಿಯೇ ಇದೆ. ಕನ್ನಡಿಗೆ ನೆನಪಿರುವುದಿಲ್ಲ. ಎದುರಿಗಿದ್ದವನು ಎದ್ದು ಹೋದರೆ ಕನ್ನಡಿಯೊಳಗಿನವನೂ ಎದ್ದು ಹೋಗುತ್ತಾನೆ.

ನಾನೂ ನಂಬಿದವನೇ. 2011ರಲ್ಲಿ ಅರಸೀಕೆರೆ ಹತ್ತಿರದ ನಮ್ಮೂರಿನಲ್ಲಿ ಅಮ್ಮನನ್ನು ಜಗುಲಿಯ ಮೇಲೆ ಕೂರಿಸಿ, ಆಕೆಗೆ ಬರುತ್ತಿದ್ದ ಸೋಬಾನೆ ಪದ, ಬೀಸುವ ಪದಗಳನ್ನು ಧ್ವನಿಮುದ್ರಿಸಿಕೊಂಡೆ. ಮೂರು ದಿನ, 43 ಪದ. ಕೋಳಿ ಕೂಗಿದ್ದು, ಅಮ್ಮ ನಡುವೆ ಮರೆತು ತಡವರಿಸಿದ್ದು, ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದಲೇ ಮುಂದಿನ ಸಾಲು ಎತ್ತಿಕೊಟ್ಟದ್ದು ಎಲ್ಲ ಅದರಲ್ಲಿತ್ತು. ಕೆಲವು ವರ್ಷಗಳ ಬಳಿಕ ಎರಡು ಡಿಸ್ಕಿನ ಪೆಟ್ಟಿಗೆ ಕೊಂಡು, ಮಿರರ್ ಮಾಡಿ, ಮನೆಯಲ್ಲಿದ್ದದ್ದನ್ನೆಲ್ಲ ಅದಕ್ಕೆ ತುಂಬಿದೆ. ಲ್ಯಾಪ್‌ಟಾಪಿನ ಫೋಲ್ಡರಿಗೂ ಪೆಟ್ಟಿಗೆಯ ಫೋಲ್ಡರಿಗೂ ಸಿಂಕ್ ಜೋಡಿಸಿದೆ. 2020ರ ಏಪ್ರಿಲ್‌ನಲ್ಲಿ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಹಳೆಯ ಫೋಲ್ಡರುಗಳನ್ನು ಅಳಿಸಿದೆ. ಪೆಟ್ಟಿಗೆಯಲ್ಲಿ ಇದೆಯಲ್ಲ ಎಂಬ ಧೈರ್ಯ. ಸಿಂಕ್ ತನ್ನ ಕೆಲಸ ಮಾಡಿತು, ಇಲ್ಲಿ ಅಳಿದದ್ದನ್ನು ಅಲ್ಲಿಯೂ ಅಳಿಸಿತು. ಮಿರರ್ ತನ್ನ ಕೆಲಸ ಮಾಡಿತು, ಮೊದಲ ಡಿಸ್ಕಿನಲ್ಲಿ ಅಳಿದದ್ದನ್ನು ಎರಡನೆಯದರಲ್ಲೂ ಅಳಿಸಿತು. ಪೆಟ್ಟಿಗೆಯ ಕಸದ ಬುಟ್ಟಿ 30 ದಿನಕ್ಕೆ ತಾನಾಗಿ ಖಾಲಿಯಾಗುವಂತೆ ನಾನೇ ಹೊಂದಿಸಿದ್ದೆ. ಗೌರಿಹಬ್ಬದ ದಿನ ಅಮ್ಮನ ಪದ ಹಾಕೋಣವೆಂದು ಹುಡುಕಿದಾಗ ಫೋಲ್ಡರೇ ಇರಲಿಲ್ಲ. ಯಾವ ಯಂತ್ರವೂ ಕೆಟ್ಟಿರಲಿಲ್ಲ. ಎರಡೂ ಡಿಸ್ಕುಗಳ ಹಸಿರು ದೀಪ ಉರಿಯುತ್ತಿತ್ತು.

ಮರಳಿ ಸಿಕ್ಕಿದ್ದು 31 ಪದ. ತಿಪಟೂರಿನಲ್ಲಿರುವ ತಂಗಿ ಕಾರಿನಲ್ಲಿ ಕೇಳಲೆಂದು ಯಾವಾಗಲೋ ಒಂದು ಪೆನ್‌ಡ್ರೈವಿಗೆ ಹಾಕಿಸಿಕೊಂಡಿದ್ದಳು, ಅದರಲ್ಲಿ ಹಿಡಿದಷ್ಟು ಉಳಿದಿತ್ತು. ಸಾವಿರಾರು ರೂಪಾಯಿಯ ಪೆಟ್ಟಿಗೆ, ಜೋಡಿ ಡಿಸ್ಕು, ಗಂಟೆಗಟ್ಟಲೆ ಓದಿ ಆರಿಸಿದ ಮಾದರಿ, ಇವು ಯಾವುವೂ ಕಾಯದೆ ಹೋದದ್ದನ್ನು ಇನ್ನೊಂದು ಊರಿನಲ್ಲಿ, ಯಾವ ಜಾಲಕ್ಕೂ ಸೇರದೆ, ಕಾರಿನ ಡಬ್ಬಿಯಲ್ಲಿ ಬಿದ್ದಿದ್ದ ಒಂದು ಪೆನ್‌ಡ್ರೈವ್ ಕಾಯ್ದಿತ್ತು. ಯಾಕೆ ಕಾಯ್ದಿತು ಎಂಬುದನ್ನು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ. ಅದು ಬೇರೆ ಕಡೆ ಇತ್ತು. ಹಳೆಯದಾಗಿತ್ತು, ಅಂದರೆ ನಾನು ಅಳಿಸಿದ ಸುದ್ದಿ ಅದಕ್ಕೆ ತಲುಪಿರಲಿಲ್ಲ. ಬ್ಯಾಕಪ್ ಎಂಬ ಮಾತಿಗೆ ಇರುವ ಅರ್ಥವೆಲ್ಲ ಈ ಎರಡರಲ್ಲೇ ಇದೆ: ದೂರ ಮತ್ತು ನೆನ್ನೆ. ಮಿರರಿನಲ್ಲಿ ದೂರವೂ ಇಲ್ಲ, ನೆನ್ನೆಯೂ ಇಲ್ಲ.

ಹಾಗಾದರೆ ರೇಡ್ ಹುಟ್ಟಿದ್ದು ಯಾತಕ್ಕೆ? ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು 1988ರಲ್ಲಿ ಪ್ರಕಟಿಸಿದ ಪ್ರಬಂಧ ಆ ಹೆಸರಿನ ಮೂಲ. ಅವರ ಚಿಂತೆ ಇದ್ದದ್ದು ವೇಗದ ಬಗ್ಗೆ. ಪ್ರೊಸೆಸರುಗಳು ಓಡುತ್ತಿದ್ದವು, ಡಿಸ್ಕುಗಳು ಹಿಂದೆ ಬಿದ್ದಿದ್ದವು. ಒಂದು ದೊಡ್ಡ ದುಬಾರಿ ಡಿಸ್ಕಿನ ಬದಲು ಹಲವು ಅಗ್ಗದ ಚಿಕ್ಕ ಡಿಸ್ಕುಗಳನ್ನು ಒಟ್ಟಿಗೆ ದುಡಿಸಿದರೆ ವೇಗ ಸಿಗುತ್ತದೆ. ಆದರೆ ಡಿಸ್ಕುಗಳ ಸಂಖ್ಯೆ ಹೆಚ್ಚಿದಷ್ಟೂ ಅವುಗಳಲ್ಲಿ ಒಂದಾದರೂ ಕೆಡುವ ಸಂಭವ ಹೆಚ್ಚುತ್ತದೆ. ಒಂದು ಕೆಟ್ಟರೆ ಇಡೀ ಏರ್ಪಾಡು ನಿಲ್ಲಬಾರದೆಂದು ಹೆಚ್ಚುವರಿ ಡಿಸ್ಕುಗಳನ್ನು ಸೇರಿಸಿದರು. ಕೆಲಸ ನಿಲ್ಲಬಾರದು, ಇದು ರೇಡಿನ ಗುರಿ. ಬ್ಯಾಂಕಿಗೆ, ಆಸ್ಪತ್ರೆಗೆ, ರೈಲ್ವೆ ಮುಂಗಡ ಟಿಕೆಟಿಗೆ ಅದು ಬೇಕು; ಅಲ್ಲಿ ಹತ್ತು ನಿಮಿಷ ನಿಂತರೂ ನಷ್ಟ. ನಮ್ಮ ಮನೆಯಲ್ಲಿ ಪೆಟ್ಟಿಗೆ ಮೂರು ದಿನ ನಿಂತರೆ ಏನಾಗುತ್ತದೆ? ಭಾನುವಾರದ ಸಿನಿಮಾ ತಪ್ಪುತ್ತದೆ. ಹೊಸ ಡಿಸ್ಕು ತಂದು, ಪ್ರತಿಯಿಂದ ತುಂಬಿಕೊಂಡರೆ ಮುಗಿಯಿತು. ಮನೆಗೆ ಬೇಕಿರುವುದು ನಿಲ್ಲದ ಪೆಟ್ಟಿಗೆಯಲ್ಲ, ಆ ತುಂಬಿಕೊಳ್ಳುವ ಪ್ರತಿ. ಕಚೇರಿಯ ರೋಗಕ್ಕೆ ಬರೆದ ಔಷಧಿಯನ್ನು ಮನೆಗೆ ತಂದು ಕುಡಿಸುತ್ತಿದ್ದೇವೆ. ಸರ್ವರ್ ಬಲ್ಲ ಗೆಳೆಯರು ಎಡವುವುದು ಇಲ್ಲಿಯೇ: ಅವರ ಕಚೇರಿಯಲ್ಲಿ ರೇಡಿನ ಹಿಂದೆ ಬೇರೆಯೇ ಒಂದು ಬ್ಯಾಕಪ್ ವ್ಯವಸ್ಥೆ ಇರುತ್ತದೆ, ಅದನ್ನು ಬೇರೆ ತಂಡ ನೋಡಿಕೊಳ್ಳುತ್ತದೆ. ಮನೆಗೆ ಬರುವಾಗ ಆ ತಂಡವನ್ನು ಕರೆದುಕೊಂಡು ಬರುವುದಿಲ್ಲ.

ಮನೆಯ ಕಡತಗಳು ಹೇಗೆ ಸಾಯುತ್ತವೆ ಎಂದು ಎಣಿಸಿದರೆ ಡಿಸ್ಕು ಕೆಡುವುದು ಹಲವು ದಾರಿಗಳಲ್ಲಿ ಒಂದು ಮಾತ್ರ. ಲಕ್ಷಾಂತರ ಡಿಸ್ಕುಗಳನ್ನು ನಡೆಸುವ ಬ್ಯಾಕ್‌ಬ್ಲೇಜ್ ಕಂಪನಿ ತನ್ನ ಡಿಸ್ಕುಗಳ ಸಾವಿನ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದು ನೂರಕ್ಕೆ ಒಂದರಿಂದ ಎರಡರ ನಡುವೆ ಇದೆ. ಈ ಒಂದು ದಾರಿಗೆ ಮಾತ್ರ ಮಿರರ್ ಬಾಗಿಲು ಹಾಕುತ್ತದೆ. ಉಳಿದವು ತೆರೆದೇ ಇರುತ್ತವೆ. ತಪ್ಪಿ ಅಳಿಸುವುದು, ಒಂದು ಫೈಲಿನ ಮೇಲೆ ಇನ್ನೊಂದನ್ನು ಉಳಿಸಿಬಿಡುವುದು, ಕಳ್ಳ ಬಂದು ಪೆಟ್ಟಿಗೆ ಸಮೇತ ಒಯ್ಯುವುದು. ಭರಣಿ ಮಳೆಯ ಸಿಡಿಲು ತಂತಿಯ ಗುಂಟ ಬಂದರೆ ಎರಡು ಡಿಸ್ಕಿಗೂ ಇರುವುದು ಒಂದೇ ಅಡಾಪ್ಟರು, ಒಂದೇ ಮದರ್‌ಬೋರ್ಡು. ನೀರು ಬಂದರೂ ಅಷ್ಟೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, ಮರುವರ್ಷ ಕೃಷ್ಣಾ ತೀರದ ಊರುಗಳು ಮುಳುಗಿದಾಗ ಎಷ್ಟು ಮನೆಗಳ ಆಲ್ಬಮ್ಮುಗಳು ಕೆಸರಾದವು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಿಗೆ ನೀರು ನುಗ್ಗಿ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರತಂದರು. ಅವು ರೌಟರು, ಯುಪಿಎಸ್ಸು, ನ್ಯಾಸುಗಳನ್ನೆಲ್ಲ ಟೀವಿಯ ಕೆಳಗಿನ ಗೂಡಿನಲ್ಲಿ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಜೋಡಿಸಿಟ್ಟಿರುವಂಥ ಮನೆಗಳು.

ಇನ್ನು ಜಾಲದ ಕಡೆಯಿಂದ ಬರುವವರು. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಎಂಬ ಪೆಟ್ಟಿಗೆಗಳನ್ನಿಟ್ಟುಕೊಂಡವರು ಹಲವು ದೇಶಗಳಲ್ಲಿ ಬೆಳಗ್ಗೆ ಎದ್ದು ನೋಡಿದರೆ ಪೆಟ್ಟಿಗೆ ಖಾಲಿ. ದೂರದಿಂದ ಯಾರೋ ಫ್ಯಾಕ್ಟರಿ ರೀಸೆಟ್ ಆಜ್ಞೆ ಕಳಿಸಿದ್ದರು. ಆ ಆಜ್ಞೆಗೆ ಮುನ್ನ ಪಾಸ್‌ವರ್ಡ್ ಕೇಳಬೇಕಿದ್ದ ಭಾಗ ತಂತ್ರಾಂಶದಲ್ಲಿ ನಿಷ್ಕ್ರಿಯವಾಗಿತ್ತು. 2015ರ ನಂತರ ಅದಕ್ಕೆ ಅಪ್‌ಡೇಟೇ ಬಂದಿರಲಿಲ್ಲ. ಎರಡು ಡಿಸ್ಕಿನ ಡ್ಯುಯೋ ಮಾದರಿಯಲ್ಲಿ ಮಿರರ್ ಮಾಡಿಕೊಂಡವರದ್ದೂ ಎರಡು ಕಡೆ ಒಟ್ಟಿಗೇ ಹೋಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಕ್ಯೂಲಾಕರ್ ಎಂಬ ಒತ್ತೆಕೋರ ತಂತ್ರಾಂಶ ಕ್ಯೂನ್ಯಾಪ್ ಪೆಟ್ಟಿಗೆಗಳೊಳಗೆ ಹೊಕ್ಕು ಕಡತಗಳನ್ನು ಪಾಸ್‌ವರ್ಡ್ ಹಾಕಿದ ಜಿಪ್ ಗಂಟುಗಳಾಗಿ ಕಟ್ಟಿ, ಬಿಚ್ಚಲು 0.01 ಬಿಟ್‌ಕಾಯಿನ್ ಕೇಳಿತು. ಅದು ಒಳಬಂದ ಬಾಗಿಲು ಯಾವುದು ಗೊತ್ತೆ? ಆ ಪೆಟ್ಟಿಗೆಯಲ್ಲಿದ್ದ ಬ್ಯಾಕಪ್ ತಂತ್ರಾಂಶವೇ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಬಂತು, ಬೆಲೆ 0.03 ಬಿಟ್‌ಕಾಯಿನ್‌ಗೆ ಏರಿತು. ಅದಕ್ಕೂ ಹಿಂದೆ, 2014ರಲ್ಲೇ, ಸಿನಾಲಜಿ ಪೆಟ್ಟಿಗೆಗಳ ಮೇಲೆ ಸಿನೊಲಾಕರ್ ಬಂದಿತ್ತು. ಇವೆಲ್ಲ ಡಿಸ್ಕು ಕೆಟ್ಟ ಕತೆಗಳಲ್ಲ. ಆರೋಗ್ಯವಾಗಿದ್ದ ಡಿಸ್ಕುಗಳು ಯಾರ ಆಜ್ಞೆ ಬಂದರೂ ವಿಧೇಯವಾಗಿ ಪಾಲಿಸಿದ ಕತೆಗಳು.

ಇಲ್ಲಿ ತಿಳಿದವರು ಒಂದು ಉತ್ತರ ಕೊಡುತ್ತಾರೆ, ಅದನ್ನು ತಳ್ಳಿಹಾಕುವಂತಿಲ್ಲ. "ಸ್ನ್ಯಾಪ್‌ಶಾಟ್ ಹಾಕಿಕೊಳ್ಳಿ. ಬಿಟಿಆರ್‌ಎಫ್‌ಎಸ್ ಅಥವಾ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಇದ್ದರೆ, ಕಡತಗಳು ಆ ಹೊತ್ತಿಗೆ ಇದ್ದಂತೆಯೇ ಗಂಟೆಗೊಂದು ಸ್ನ್ಯಾಪ್‌ಶಾಟ್ ತೆಗೆದಿಡುತ್ತದೆ, ಅಳಿಸಿದರೂ ಹಿಂದಕ್ಕೆ ಹೋಗಬಹುದು, ಕಡತದ ಒಂದು ಬಿಟ್ ತಿರುಗಿದರೂ ಕಂಡುಹಿಡಿಯುತ್ತದೆ" ಎನ್ನುತ್ತಾರೆ. ನಿಜ. 2020ರಲ್ಲಿ ನನ್ನ ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳ ಹಿಂದಿನ ಒಂದು ಸ್ನ್ಯಾಪ್‌ಶಾಟ್ ಇದ್ದಿದ್ದರೆ 43 ಪದಗಳೂ ಸಿಗುತ್ತಿದ್ದವು. ಎರಡು ಮಾದರಿಗಳ ನಡುವೆ ಆರಿಸುವಾಗ ಸ್ನ್ಯಾಪ್‌ಶಾಟ್ ಇರುವುದನ್ನೇ ಆರಿಸಿ ಎಂದು ನಾನೂ ಹೇಳುತ್ತೇನೆ. ಅದು ನೆನ್ನೆಯನ್ನು ಕೊಡುತ್ತದೆ. ದೂರವನ್ನು ಕೊಡುವುದಿಲ್ಲ. ಸ್ನ್ಯಾಪ್‌ಶಾಟುಗಳಿರುವುದು ಅದೇ ಡಿಸ್ಕಿನ ಮೇಲೆ, ಅದೇ ಪೆಟ್ಟಿಗೆಯಲ್ಲಿ, ಅದೇ ಅಡ್ಮಿನ್ ಪಾಸ್‌ವರ್ಡಿನ ಹಿಂದೆ. ಪಾಸ್‌ವರ್ಡ್ ಕದ್ದವನು ಅವನ್ನೂ ಅಳಿಸಬಲ್ಲ, ಸಿಡಿಲು ಅವನ್ನೂ ಸುಡುತ್ತದೆ.

ಡಿಸ್ಕು ಕೆಡುವ ಆ ಒಂದು ದಾರಿಯಲ್ಲಾದರೂ ಮಿರರನ್ನು ಕಣ್ಣುಮುಚ್ಚಿ ನಂಬಬಹುದೇ? ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಡಿಸ್ಕುಗಳು ಒಂದೇ ಬಿಸಿಯಲ್ಲಿ, ಒಂದೇ ಕಂಪನದಲ್ಲಿ, ಅಷ್ಟೇ ಗಂಟೆ ಓಡಿ ಮುಪ್ಪಾಗುತ್ತವೆ. ಒಂದು ಸತ್ತು ಹೊಸದನ್ನು ಹಾಕಿದಾಗ, ಉಳಿದ ಮುದುಕ ಡಿಸ್ಕು ತನ್ನೊಳಗಿನದೆಲ್ಲವನ್ನೂ ಬಿಡುವಿಲ್ಲದೆ ಓದಿ ಹೇಳಬೇಕು. ಅದರ ಜೀವಮಾನದ ಅತಿ ಕಷ್ಟದ ದಿನ ಅದು, ಎರಡನೇ ಪ್ರತಿ ಇಲ್ಲದ ದಿನವೂ ಅದೇ. ಮುನ್ನೆಚ್ಚರಿಕೆ ಬರುತ್ತದೆ ಎಂದು ಕಾಯುವುದೂ ಬೇಡ: ಗೂಗಲ್ 2007ರಲ್ಲಿ ತನ್ನದೇ ಡಿಸ್ಕುಗಳ ಅಧ್ಯಯನ ಪ್ರಕಟಿಸಿದಾಗ, ಸತ್ತ ಡಿಸ್ಕುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನವು ಸ್ಮಾರ್ಟ್ ಎಂಬ ಸ್ವಪರೀಕ್ಷೆಯಲ್ಲಿ ಯಾವ ದೋಷವನ್ನೂ ತೋರಿಸದೆಯೇ ಸತ್ತಿದ್ದವು. 2020ರ ಏಪ್ರಿಲ್‌ನಲ್ಲಂತೂ ನ್ಯಾಸ್‌ಗೆಂದೇ ಮಾರುತ್ತಿದ್ದ ಡಬ್ಲ್ಯುಡಿ ರೆಡ್ ಡಿಸ್ಕುಗಳಲ್ಲಿ 2ರಿಂದ 6 ಟೆರಾಬೈಟಿನ ಕೆಲವು ಮಾದರಿಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಪಟ್ಟಿ ಬರೆಯುವ ಎಸ್‌ಎಂಆರ್ ತಂತ್ರದವು ಎಂದು ಬಯಲಾಯಿತು; ಕೊಂಡವರಿಗೆ ಅದನ್ನು ಹೇಳಿರಲಿಲ್ಲ. ಮಿರರ್ ಮರುಕಟ್ಟುವ ಕೆಲಸದಲ್ಲಿ ಅಂಥ ಡಿಸ್ಕು ತೆವಳುತ್ತದೆ, ಕೆಲವೊಮ್ಮೆ ಕೈಬಿಡುತ್ತದೆ. ಡಿಸ್ಕು ಕೊಳ್ಳುವಾಗ ಪಟ್ಟಿಗಳನ್ನು ಒಂದರ ಮೇಲೊಂದು ಬರೆಯದ ಸಿಎಂಆರ್ ಬಗೆಯದೇ ಎಂದು ಖಚಿತಪಡಿಸಿಕೊಳ್ಳಿ.

ಈಗ ಸಿನಿಮಾದ ಕಡೆಗೆ ಬರೋಣ. ಜನ ನಿಜವಾಗಿ ಹಣ ಸುರಿಯುವುದು ಇದಕ್ಕೇ; ಬ್ಯಾಕಪ್ ಎಂಬುದು ಮನೆಯವರನ್ನು ಒಪ್ಪಿಸಲು ಹೇಳುವ ಕಾರಣ. ಯಾವ ಪ್ರೊಸೆಸರು, ಎಷ್ಟು ರ‍್ಯಾಮು, 4ಕೆ ಟ್ರಾನ್ಸ್‌ಕೋಡಿಂಗ್ ಬರುತ್ತದೋ ಇಲ್ಲವೋ ಎಂದು ವಾರಗಟ್ಟಲೆ ಚರ್ಚೆ. ಲೆಕ್ಕ ಹಾಕಿದರೆ ಸಿನಿಮಾ ಹರಿಸುವುದು ಡಿಸ್ಕಿಗೆ ಹಗುರ ಕೆಲಸ. 4ಕೆ ಬ್ಲೂರೇ ತಟ್ಟೆಯಲ್ಲಿರುವಷ್ಟೇ ಗುಣಮಟ್ಟದ ಚಿತ್ರಕ್ಕೂ ಸೆಕೆಂಡಿಗೆ ನೂರು ಚಿಲ್ಲರೆ ಮೆಗಾಬಿಟ್ ಸಾಕು; ಒಂದು ಸಾಧಾರಣ ಹಾರ್ಡ್‌ಡಿಸ್ಕ್ ಸಾವಿರ ಮೆಗಾಬಿಟ್‌ಗೂ ಮಿಕ್ಕಿ ಕೊಡಬಲ್ಲದು. ಚಿತ್ರ ತಡವರಿಸಿದರೆ ಹೆಚ್ಚಿನ ಸಲ ಅಪರಾಧಿ ಎರಡು ಕಾಂಕ್ರೀಟು ಗೋಡೆಯಾಚೆಯ ವೈಫೈ. ಟೀವಿಗೆ ಒಂದು ತಂತಿ ಎಳೆಸಿ, ತೊಂದರೆ ಹೋಗುತ್ತದೆ. ಟ್ರಾನ್ಸ್‌ಕೋಡಿಂಗ್ ಎಂಬ ರೂಪಾಂತರ ಬೇಕಾಗುವುದು ಕಡತದ ಭಾಷೆ ಟೀವಿಗೆ ಅರ್ಥವಾಗದಿದ್ದಾಗ: ಹಳೆಯ ಟೀವಿಗೆ ಎಚ್‌ಇವಿಸಿ ತಿಳಿಯದು, ಹಲವು ಹೊಸ ಟೀವಿಗಳಿಗೂ ಡಿಟಿಎಸ್ ಧ್ವನಿ ತಿಳಿಯದು, ಬ್ಲೂರೇಯಿಂದ ಬಂದ ಚಿತ್ರರೂಪದ ಸಬ್‌ಟೈಟಲ್ಲು ಒಮ್ಮೊಮ್ಮೆ ಇಡೀ ಚಿತ್ರವನ್ನೇ ಮತ್ತೆ ಬೇಯಿಸುವಂತೆ ಮಾಡುತ್ತದೆ. ಇದಕ್ಕೆ ಮದ್ದು ಟೀವಿಯ ಹಿಂಬದಿಗೆ ಸಿಕ್ಕಿಸುವ ಕೆಲವು ಸಾವಿರದ ಒಂದು ಒಳ್ಳೆಯ ಸ್ಟಿಕ್ಕು. ಅದಕ್ಕಾಗಿ ಪೆಟ್ಟಿಗೆಯ ದರ್ಜೆ ಏರಿಸಬೇಕಿಲ್ಲ. ದರ್ಜೆ ಏರಿದ ಮಾತ್ರಕ್ಕೆ ಆ ಶಕ್ತಿ ಬರುತ್ತದೆ ಎಂದೂ ಇಲ್ಲ: ಸಿನಾಲಜಿಯ ಡಿಎಸ್920ಪ್ಲಸ್ ಪೆಟ್ಟಿಗೆಯ ಇಂಟೆಲ್ ಚಿಪ್ಪಿನಲ್ಲಿ ವಿಡಿಯೊ ಪರಿವರ್ತಿಸುವ ಯಂತ್ರಾಂಶವಿತ್ತು, ಅದರ ಬಳಿಕ ಬಂದ ಡಿಎಸ್923ಪ್ಲಸ್‌ನ ಎಎಂಡಿ ಚಿಪ್ಪಿನಲ್ಲಿ ಅದಿಲ್ಲ.

ಅಷ್ಟು ಹಣ ಕೊಟ್ಟು ಕೊಂಡ ಸಿನಿಮಾ ಸವಲತ್ತು ನಮ್ಮ ಕೈಯಲ್ಲೂ ಉಳಿಯುವುದಿಲ್ಲ. 2024ರ ಆಗಸ್ಟಿನಲ್ಲಿ ಸಿನಾಲಜಿ ಒಂದು ಅಪ್‌ಡೇಟಿನಲ್ಲಿ ತನ್ನ ವಿಡಿಯೊ ಸ್ಟೇಷನ್ ತಂತ್ರಾಂಶವನ್ನೇ ತೆಗೆದುಹಾಕಿತು. 2025ರ ಏಪ್ರಿಲ್‌ನಿಂದ ಪ್ಲೆಕ್ಸ್ ಎಂಬ ಇನ್ನೊಂದು ಸಿನಿಮಾ ತಂತ್ರಾಂಶ, ಮನೆಯ ಹೊರಗಿನಿಂದ ನಮ್ಮದೇ ಸಿನಿಮಾ ನೋಡುವುದಕ್ಕೂ ಹಣ ಕೇಳತೊಡಗಿತು. ಜೆಲ್ಲಿಫಿನ್ ಎಂಬ ಮುಕ್ತ ತಂತ್ರಾಂಶ ಇದೆ, ಉಚಿತ. ನನಗೆ ಅದೇ ಸಾಕಾಗಿದೆ.

ನನ್ನ ಮುಖ್ಯ ತಕರಾರು ಇನ್ನೂ ಆಳದ್ದು. ಎರಡು ಬೇರೆ ಬೇರೆ ಬಗೆಯ ವಸ್ತುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಒಂದೇ ಅಳತೆಯಿಂದ ಕಾಯಲು ಹೊರಡುವುದೇ ತಪ್ಪಿನ ಬೇರು. ಬಿತ್ತನೆಯ ರಾಗಿಯನ್ನು ಉಣ್ಣುವ ರಾಗಿಯ ಜೊತೆ ಒಂದೇ ಹಗೇವಿಗೆ ಸುರಿಯುವ ರೈತನಿರಲಿಲ್ಲ. ಬೀಜವನ್ನು ಬೇರೆ ಕಟ್ಟಿ, ಬೂದಿಯೋ ಬೇವಿನ ಸೊಪ್ಪೋ ಹಾಕಿ, ಅಟ್ಟದ ಮೇಲೋ ಗೂಡಿನಲ್ಲೋ ಇಡುತ್ತಿದ್ದರು. ನನ್ನ ಪೆಟ್ಟಿಗೆಯನ್ನು ಹಾಗೆ ಬೇರ್ಪಡಿಸಿ ನೋಡಿದೆ. ಸಿನಿಮಾ, ಸಂಗೀತ, ಡೌನ್‌ಲೋಡುಗಳು ಸುಮಾರು 5 ಟೆರಾಬೈಟ್. ಹೋದರೆ ಬೇಸರವಾಗುತ್ತದೆ, ಆದರೆ ಮತ್ತೆ ಎಲ್ಲಿಂದಾದರೂ ಬರುತ್ತವೆ. ಇನ್ನೊಮ್ಮೆ ಹುಟ್ಟದಂಥವು, ಅಂದರೆ ಮಕ್ಕಳ ಫೋಟೊಗಳು, ಅಪ್ಪನ ಕೈಬರಹದ ಲೆಕ್ಕದ ಪುಸ್ತಕಗಳ ಸ್ಕ್ಯಾನು, ಜಮೀನಿನ ಪತ್ರಗಳು, ಅಮ್ಮನ ಉಳಿದ ಪದಗಳು, ಎಲ್ಲ ಸೇರಿ 380 ಗಿಗಾಬೈಟ್. ಹದಿನಾಲ್ಕರಲ್ಲಿ ಒಂದು ಪಾಲು! ಈ ಚಿಕ್ಕ ಪಾಲಿಗೆ ಮೂರು ಪ್ರತಿ ಮಾಡಲು ಒಂದೊಂದು ಟೆರಾಬೈಟಿನ ಚಿಕ್ಕ ಡಿಸ್ಕು ಸಾಕು. ನಾವು ಮಾಡುತ್ತಿರುವುದು ಏನು? ಮತ್ತೆ ಸಿಗುವ ಐದು ಟೆರಾಬೈಟ್ ಸಿನಿಮಾಕ್ಕೆ ದುಬಾರಿ ದೊಡ್ಡ ಡಿಸ್ಕನ್ನು ಜೋಡಿಯಾಗಿ ಕೊಂಡು ಕನ್ನಡಿ ಹಿಡಿಯುತ್ತಿದ್ದೇವೆ. ಮತ್ತೆಂದೂ ಸಿಗದ 380 ಗಿಗಾಬೈಟನ್ನು ಆ ಕನ್ನಡಿಯ ಪಾಡಿಗೆ ಬಿಡುತ್ತಿದ್ದೇವೆ.

ಹಾಗಾಗಿ ನನ್ನನ್ನು ಕೇಳಿದವರಿಗೆ ಹೇಳುವುದು ಇಷ್ಟು: ಅದೇ ಎರಡು ಡಿಸ್ಕನ್ನೇ ಕೊಳ್ಳಿ, ಆದರೆ ಅವನ್ನು ಒಂದೇ ಪೆಟ್ಟಿಗೆಯೊಳಗೆ ಹಾಕಬೇಡಿ. ಒಂದು ಡಿಸ್ಕು ಪೆಟ್ಟಿಗೆಯಲ್ಲಿರಲಿ. ಇನ್ನೊಂದು ಯುಎಸ್‌ಬಿ ಕವಚದಲ್ಲಿರಲಿ, ವಾರಕ್ಕೊಮ್ಮೆ ಸಿಕ್ಕಿಸಿ ಪ್ರತಿ ಮಾಡಿಕೊಂಡು ಮತ್ತೆ ಬಿಚ್ಚಿ ಬೀರುವಿನಲ್ಲಿಡಿ. ಪ್ರತಿ ಎಂದರೆ ಸಿಂಕ್ ಅಲ್ಲ, ಹಳೆಯ ಆವೃತ್ತಿಗಳನ್ನು ಉಳಿಸಿಕೊಳ್ಳುವ ಬ್ಯಾಕಪ್. ಬಹುತೇಕ ಪೆಟ್ಟಿಗೆಗಳಲ್ಲಿ ಅದಕ್ಕೆ ತಂತ್ರಾಂಶ ಇರುತ್ತದೆ. ಇನ್ನೊಮ್ಮೆ ಹುಟ್ಟದಂಥವುಗಳ ಮೂರನೆಯ ಪ್ರತಿ ಒಂದು ಚಿಕ್ಕ ಡಿಸ್ಕಿನಲ್ಲಿ ಇನ್ನೊಂದು ಊರಿಗೆ ಹೋಗಲಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಕಡೆ, ಎಂಬ ಈ ಸೂತ್ರವನ್ನು ಮಾತಿಗೆ ತಂದವರು ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕ. ಇಷ್ಟೆಲ್ಲ ಆದ ಮೇಲೂ ಕೈಯಲ್ಲಿ ಹಣ ಉಳಿದಿದ್ದರೆ ಆಗ ಮಿರರ್ ಮಾಡಿ, ನನ್ನ ಆಕ್ಷೇಪವಿಲ್ಲ. ಮದುವೆ ಫೋಟೊ ತೆಗೆದು ಹೊಟ್ಟೆಹೊರೆಯುವ ಸ್ಟುಡಿಯೊದವರಿಗೆ ಅದು ಬೇಕೂ ಹೌದು, ಅವರ ಕೆಲಸ ನಿಲ್ಲುವಂತಿಲ್ಲ.

ದೂರದ ವಿಷಯದಲ್ಲಿ ನಮಗೆ ಪಾಠ ಹೇಳಲು ಹೊರಗಿನವರು ಬೇಕಿಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಸಿ ಹಂಚಿದಳು ಎಂದು ನಾವು ಶಾಲೆಯಲ್ಲೇ ಓದಿದ್ದೇವೆ. ದಾನದ ಕತೆಯಾಗಿ ಓದಿದೆವು. ಗೆದ್ದಲು, ಬೆಂಕಿ, ನೀರು, ದಂಡಯಾತ್ರೆ ಎಲ್ಲವೂ ಇದ್ದ ಕಾಲದಲ್ಲಿ ಒಂದು ಕೃತಿ ಉಳಿಯಬೇಕಾದರೆ ಏನು ಮಾಡಬೇಕೆಂದು ಆಕೆಗೆ ತಿಳಿದಿತ್ತು ಎಂದು ಓದಲಿಲ್ಲ. ಎಲ್ಲ ಓಲೆಯ ಕಟ್ಟುಗಳನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟಿದ್ದರೆ ಸಾವಿರ ಪ್ರತಿಯೂ ಒಂದೇ ಪ್ರತಿಯಾಗುತ್ತಿತ್ತು. ಸಾವಿರ ವರ್ಷದ ಮೇಲೆ ಇದನ್ನೇ ಮರೆತು ಕೈಸುಟ್ಟುಕೊಂಡವರನ್ನು ನೋಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ದತ್ತಾಂಶ ಕೇಂದ್ರ ಉರಿದುಹೋದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬ್ಯಾಟರಿಯಿಂದ ಬೆಂಕಿ ಬಿದ್ದು, ಸರ್ಕಾರಿ ನೌಕರರ ಕಡತಗಳಿದ್ದ 858 ಟೆರಾಬೈಟಿನ ಭಂಡಾರ ಹೋಯಿತು. ತೀರಾ ದೊಡ್ಡದಾಗಿದ್ದರಿಂದ ಹೊರಗೊಂದು ಪ್ರತಿ ಮಾಡಿರಲಿಲ್ಲ.

ನಮ್ಮ ಕುಟುಂಬಗಳಿಗೆ ಆ ಕಷ್ಟವಿಲ್ಲ. ಮಗಳು ಡಲ್ಲಾಸಿನಲ್ಲಿ, ಮಗ ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಶಿವಮೊಗ್ಗದಲ್ಲಿ. ಈ ಚದುರಿದ ಬಾಳಿನ ನೋವು ನಮಗೆಲ್ಲ ಗೊತ್ತು, ಆದರೆ ಇದಕ್ಕಿಂತ ಒಳ್ಳೆಯ ಬ್ಯಾಕಪ್ ಜಾಲವನ್ನು ಯಾವ ಕಂಪನಿಯೂ ಮಾರಲಾರದು. ರಜೆಗೆ ಬಂದ ಮಗಳು ಮರಳುವಾಗ ಸಾಂಬಾರುಪುಡಿಯ ಡಬ್ಬಿಯ ಜೊತೆ ಅಂಗೈಯಷ್ಟು ಡಿಸ್ಕೊಂದನ್ನು ಒಯ್ಯಲಿ. ಜಾಲದ ಮೂಲಕವೂ ಕಳಿಸಬಹುದು: ಸೆಕೆಂಡಿಗೆ 40 ಮೆಗಾಬಿಟ್ ಅಪ್‌ಲೋಡ್ ಇರುವ ಫೈಬರಿನಲ್ಲಿ 500 ಗಿಗಾಬೈಟ್ ಮೊದಲ ಸಲ ಹೋಗಲು ಸುಮಾರು 28 ಗಂಟೆ, ಆಮೇಲೆ ಬದಲಾದಷ್ಟು ಮಾತ್ರ. ನಮ್ಮ ಹಲವು ಬ್ರಾಡ್‌ಬ್ಯಾಂಡುಗಳು ಒಂದೇ ವಿಳಾಸವನ್ನು ನೂರಾರು ಮನೆಗಳಿಗೆ ಹಂಚುವುದರಿಂದ ಹೊರಗಿನಿಂದ ನೇರ ಒಳಬರಲಾಗದು. ಅದು ಕೊರತೆಯಲ್ಲ, ಕಾವಲು. ರೌಟರಿನಲ್ಲಿ ಪೋರ್ಟ್ ತೆರೆಯಬೇಡಿ. ಟೇಲ್‌ಸ್ಕೇಲ್‌ನಂಥ ಖಾಸಗಿ ಸುರಂಗದಿಂದ ಎರಡು ಮನೆ ಜೋಡಿಸಿ. ಇನ್ನೊಬ್ಬರ ಮನೆಗೆ ಹೋಗುವ ಪ್ರತಿಗೆ ಎನ್‌ಕ್ರಿಪ್ಷನ್ ಬೀಗ ಹಾಕಿ, ಆ ಬೀಗದ ಪದವನ್ನು ಕಾಗದದಲ್ಲಿ ಬರೆದು ಮನೆಪತ್ರಗಳ ಜೊತೆ ಇಡಿ, ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಡಿ.

ಇದಕ್ಕೆಲ್ಲ ಯಾರಿಗೆ ಪುರುಸೊತ್ತಿದೆ, ಮಿರರ್ ಆದರೆ ತಾನಾಗಿ ನಡೆಯುತ್ತದೆ ಎನ್ನುತ್ತಾರೆ. ಮಿರರ್ ಪರವಾಗಿ ಕೇಳಿಬರುವ ಎಲ್ಲ ಮಾತುಗಳ ತಳದಲ್ಲಿರುವುದು ಇದೇ. ಕೈಯಿಂದ ಮಾಡುವ ಪ್ರತಿ ಮರೆತುಹೋಗುತ್ತದೆ ಎಂಬುದು ಸತ್ಯ, ನಾನೂ ಮರೆತಿದ್ದೇನೆ. ಆದರೆ ಮರೆತು ಎರಡು ತಿಂಗಳು ಹಳೆಯದಾದ ಪ್ರತಿಯಿಂದ ಎರಡು ತಿಂಗಳ ಫೋಟೊ ಮಾತ್ರ ಹೋಗುತ್ತದೆ. ಮರೆಯದೆ ಕ್ಷಣಕ್ಷಣವೂ ನಡೆದ ಮಿರರಿನಿಂದ ಹನ್ನೆರಡು ಪದ ಹೋದವು. ತಾನಾಗಿ ನಡೆಯುವ ಯಂತ್ರದ ಮೇಲೆ ಭಾರ ಹಾಕಿ ನೋಡದೆ ಬಿಟ್ಟವರಲ್ಲಿ ದೊಡ್ಡವರೂ ಇದ್ದಾರೆ: 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ತಪ್ಪಿ ಮುಖ್ಯ ದತ್ತಾಂಶವನ್ನೇ ಅಳಿಸಿದಾಗ, ಬ್ಯಾಕಪ್ ಇರಬೇಕಾದ ಜಾಗ ಖಾಲಿ ಇತ್ತು. ಅವರನ್ನು ಉಳಿಸಿದ್ದು ಆರು ಗಂಟೆ ಮುಂಚೆ ಬೇರೆ ಯಾವುದೋ ಕೆಲಸಕ್ಕೆಂದು ಕೈಯಾರೆ ತೆಗೆದಿಟ್ಟ ಒಂದು ಪ್ರತಿ.

ಅದಕ್ಕೇ ನಾನೀಗ ವರ್ಷಕ್ಕೆ ಎರಡು ಸಲ, ಯುಗಾದಿಗೆ ಮತ್ತು ಗೌರಿಹಬ್ಬಕ್ಕೆ, ತಂಗಿಯ ಮನೆಗೆ ಹೋದಾಗ ಅಲ್ಲಿಯ ಡಿಸ್ಕು ತಂದು ಇಲ್ಲಿಯದನ್ನು ಕೊಟ್ಟು ಬರುತ್ತೇನೆ. ಕೊಡುವ ಮುನ್ನ ಬೇರೆ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಕಣ್ಣಿಗೆ ಬಿದ್ದ ನಾಲ್ಕೈದು ಕಡತಗಳನ್ನು ತೆರೆದು ನೋಡುತ್ತೇವೆ. ಅವುಗಳಲ್ಲಿ ಒಂದು ಯಾವಾಗಲೂ ಅಮ್ಮನ ಪದವೇ. ಹೋದ ಹನ್ನೆರಡನ್ನು ಮತ್ತೆ ಹಾಡಿಸೋಣವೆಂದು ಕೂತಿದ್ದೆವು. ಅಮ್ಮನಿಗೆ ಈಗ ಮೂರರ ಮೊದಲ ಸಾಲುಗಳಷ್ಟೇ ನೆನಪಿವೆ, ಸಾಲು ಎತ್ತಿಕೊಡುತ್ತಿದ್ದ ಪಕ್ಕದ ಮನೆಯ ಅಜ್ಜಿ ಇಲ್ಲ.